ಶುಗರ್ ಇರೋರ ಹಾರ್ಟಿಗೆ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್: ಕೊಡೋದಾ, ಬೇಡವಾ?

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ಅಪ್ಪನಿಗೆ 63. ಶುಗರ್ ಬಂದು ಹದಿನೈದು ವರ್ಷ ದಾಟಿದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಈಗ 8.4. ಮಹಡಿ ಹತ್ತಿದ್ರೆ ಉಸಿರು ಸಾಲಲ್ಲ ಅಂತ ಶುರು ಮಾಡಿದ್ರು, ಅದಕ್ಕೆ ಎಕೋ ಮಾಡಿಸಿದ್ವಿ. "ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್, ಇಎಫ್ 60%" ಅಂತ ಬಂತು. ಅಂದ್ರೆ ಹೃದಯ ಹಿಂಡೋ ಶಕ್ತಿ (ಇಎಫ್) ಸರಿ ಇದೆ, ಸಡಿಲ ಆಗೋದ್ರಲ್ಲಿ ಸ್ವಲ್ಪ ತೊಂದರೆ. ಆಂಜಿಯೋಗ್ರಾಂನಲ್ಲಿ ದೊಡ್ಡ ಬ್ಲಾಕ್ ಏನೂ ಇಲ್ಲ. ಶುಗರ್‌ನಿಂದ ಹೃದಯದ ಸ್ನಾಯು ಸ್ವಲ್ಪ ಬಿಗಿಯಾಗಿರಬಹುದು ಅಂದ್ರು ಡಾಕ್ಟ್ರು.

ಇದು ನಮ್ಮ ಚಿಕ್ಕಪ್ಪನ ಕಿವಿಗೆ ಬಿದ್ದದ್ದೇ ತಡ, ಒಂದು ಡಬ್ಬಿ ತಂದಿಟ್ರು. ವಿಟಮಿನ್ ಇ 400 ಯೂನಿಟ್, ವಿಟಮಿನ್ ಸಿ, ಸೆಲೆನಿಯಂ, ಆಲ್ಫಾ ಲಿಪೋಯಿಕ್ ಆಸಿಡ್, ಕೋಎನ್‌ಜೈಮ್ ಕ್ಯೂ10, ದ್ರಾಕ್ಷಿ ಬೀಜದ ಸಾರ, ಎಲ್ಲಾ ಒಂದರಲ್ಲೇ. ತಿಂಗಳಿಗೆ 2,400 ರೂಪಾಯಿ. "ಶುಗರ್‌ನಿಂದ ಹಾರ್ಟ್ ಹಾಳಾಗೋದೇ ಆಕ್ಸಿಡೇಟಿವ್ ಸ್ಟ್ರೆಸ್ಸಿಂದ, ಇದು ಬುಡಕ್ಕೇ ಮದ್ದು" ಅಂತಾರೆ. ಅಪ್ಪನಿಗೆ ಎಷ್ಟು ನಂಬಿಕೆ ಬಂದಿದೆ ಅಂದ್ರೆ ರಾತ್ರಿ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟುಬಿಟ್ಟಿದ್ದಾರೆ. ಅದು ಕೆಮಿಕಲ್ ಅಂತೆ, ಇದು ಹಣ್ಣಿಂದು ಅಂತೆ.

ಯಾರಿಗಾದ್ರೂ ಸರಿಯಾಗಿ ಗೊತ್ತಿದ್ರೆ ಹೇಳಿ. ಜಗಳ ಆಡೋಕೆ ಕೈಯಲ್ಲಿ ಏನಾದ್ರೂ ಇರಬೇಕು.

ಹಳೇಮೈಸೂರು
ಮೊದಲು ಆ ಕೊಲೆಸ್ಟ್ರಾಲ್ ಮಾತ್ರೆ ಇವತ್ತು ರಾತ್ರಿಯಿಂದಲೇ ಶುರು ಮಾಡಿಸಿ. ಮಿಕ್ಕಿದ್ದು ಆಮೇಲೆ.

ಸ್ವಾಸ್ಥ್ಯ_ಮಿತ್ರ
ನಿಮ್ಮ ಚಿಕ್ಕಪ್ಪ ಹೇಳಿದ್ದರಲ್ಲಿ ತಪ್ಪೇನಿದೆ? ಶುಗರ್ ಹೆಚ್ಚಾದ್ರೆ ಫ್ರೀ ರಾಡಿಕಲ್ಸ್ (ಕೋಶಗಳನ್ನ ಹಾಳು ಮಾಡೋ ಚಂಚಲ ಅಣುಗಳು) ಹೆಚ್ಚಾಗುತ್ತೆ, ಅದನ್ನೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನೋದು, ಅದು ಹೃದಯ ಹಾಳು ಮಾಡುತ್ತೆ, ಆಂಟಿಆಕ್ಸಿಡೆಂಟ್ ಅದನ್ನ ತಡೆಯುತ್ತೆ. ಪಿಯುಸಿ ಪುಸ್ತಕದಲ್ಲೇ ಇದೆ. ನನ್ನ ಹತ್ರ ತಗೊಳ್ಳೋರು ಎಷ್ಟೋ ಜನ "ಸುಸ್ತು ಹೋಯ್ತು" ಅಂತಿದ್ದಾರೆ. ಅಲೋಪತಿಯವರಿಗೆ ಇದು ಇಷ್ಟ ಆಗಲ್ಲ, ಯಾಕಂದ್ರೆ ಪೇಟೆಂಟ್ ಸಿಗಲ್ಲ.

ಮಾತ್ರೆ_ಅಂಗಡಿ
"ನನ್ನ ಹತ್ರ ತಗೊಳ್ಳೋರು" 😄 ಅಲ್ಲಿಗೆ ಗೊತ್ತಾಯ್ತು ಬಿಡಿ ಸರ್.

ಧಾರವಾಡ_ಮಾಸ್ತರ
ಬಯೋಕೆಮಿಸ್ಟ್ರಿ ಕಲಿಸಿ ರಿಟೈರ್ ಆದಾಂವ ನಾ. ಮಿತ್ರರ ಮಾತಿನಾಗ ಅರ್ಧ ಖರೇ ಅದ, ಅದನ್ನ ಒಪ್ಪಬೇಕು. ಜೀವಕೋಶದಾಗ ಗ್ಲೂಕೋಸ್ ಜಾಸ್ತಿ ಹೊಕ್ಕಿತಂದ್ರ ಅದರ ಮೈಟೋಕಾಂಡ್ರಿಯಾದಾಗ (ಕೋಶಕ್ಕ ಶಕ್ತಿ ತಯಾರಿಸೋ ಭಾಗ) ಸೂಪರ್‌ಆಕ್ಸೈಡ್ ಅನ್ನೋ ಫ್ರೀ ರಾಡಿಕಲ್ ಹೆಚ್ಚು ಹುಟ್ಟತದ. ಮೈಕೆಲ್ ಬ್ರೌನ್‌ಲೀ ಅನ್ನಾಂವ 2001ರಾಗ 'ನೇಚರ್' ಪತ್ರಿಕಾದಾಗ ಇದನ್ನ ಮಂಡಿಸಿದಾ. ಶುಗರ್‌ನಿಂದ ಆಗೋ ನಾಕು ಬ್ಯಾರೆ ಬ್ಯಾರೆ ಹಾನಿಯ ದಾರಿಗೆ ಬುಡ ಇದ ಒಂದ ಅಂತ. ಭಾಳ ಛಂದ ಸಿದ್ಧಾಂತ, ನಾನೂ ವರ್ಷಾನುಗಟ್ಟಲೆ ಕಲಿಸೀನಿ.

ಹೃದಯದಾಗ ಇನ್ನೂ ಒಂದ ತೊಡಕು ಅದ. ಶುಗರ್ ಇದ್ದವರ ಹೃದಯ ಗ್ಲೂಕೋಸ್ ಬಿಟ್ಟು ಕೊಬ್ಬನ್ನ ಜಾಸ್ತಿ ಸುಡತದ. ಅದಕ್ಕ ಆಮ್ಲಜನಕ ಹೆಚ್ಚು ಬೇಕು. ಸಕ್ಕರಿ ಕೊಲಾಜೆನ್‌ಗೆ ಅಂಟಿ ಎಳಿಗೋಳನ್ನ ಒಂದಕ್ಕೊಂದು ಬೆಸೀತದ, ಸ್ನಾಯು ಬಿರುಸಾಗತದ. ಕ್ಯಾಲ್ಸಿಯಂ ವಾಪಸ್ ಎಳಕೊಳ್ಳೋ ಪಂಪ್ ನಿಧಾನ ಆಗತದ, ಹಿಂಗಾಗಿ ಹೃದಯ ಹಿಂಡೂದು ಸರಿ ಇದ್ರೂ ಸಡಿಲ ಆಗೂದು ತಡ. ನಿಮ್ಮ ತಂದಿಯವರ ರಿಪೋರ್ಟಿನಾಗ ಇಎಫ್ 60 ಇದ್ದೂ ಡಯಾಸ್ಟಾಲಿಕ್ ತೊಂದರೆ ಅಂತ ಬಂದದ್ದು ಇದಕ್ಕ ಹೊಂದತದ.

ಈಗ ಮಾತ್ರೆ ಕತಿ. ಒಲಿಗೆ ಕಟಗಿ ತುರುಕಿ ತುರುಕಿ ಅಡಗಿಮನಿ ತುಂಬ ಹೊಗಿ ಆಗೇದ ಅನ್ರಿ. ನೀವು ಕಟ್ಟಿ ಮ್ಯಾಲೆ ಕುಂತು ಬೀಸಣಿಗಿ ಬೀಸಿದ್ರ ಏನಾಗತದ? ವಿಟಮಿನ್ ಇ ಕೊಬ್ಬಿನ ಪೊರಿಯೊಳಗ ಹೋಗಿ ಕೂಡತದ, ಒಂದು ಅಣು ಒಂದೆರಡು ರಾಡಿಕಲ್ ಹಿಡದು ಮುಗೀತು. ಹೊಗಿ ಹುಟ್ಟೂದು ಮೈಟೋಕಾಂಡ್ರಿಯಾದಾಗ, ಕ್ಷಣಕ್ಷಣಕ್ಕೂ. ಕಟಗಿ ಕಡಿಮಿ ಮಾಡ್ರಿ.

ಮಲೆನಾಡ_ಮಳೆ
ಮಾಸ್ತರ್ರೇ, ನಿಮ್ಮ ಕ್ಲಾಸಲ್ಲಿ ಕೂತಿದ್ರೆ ನಾನು ಬಯೋಕೆಮಿಸ್ಟ್ರಿಲಿ ಪಾಸಾಗ್ತಿದ್ದೆ.

ಸ್ವಾಸ್ಥ್ಯ_ಮಿತ್ರ
ಒಲೆ ಕತೆ ಚೆನ್ನಾಗಿದೆ. ಆದ್ರೆ ಶುಗರ್ ಬರಿಸಿದ ಇಲಿಗಳಿಗೆ ಆಂಟಿಆಕ್ಸಿಡೆಂಟ್ ಕೊಟ್ಟಾಗ ಹೃದಯ ಉಳಿದಿದ್ದು ಸುಳ್ಳಾ? ಬೇಕಾದಷ್ಟು ಪೇಪರ್ ಇವೆ.

ಅಂಕಿಅಂಶ_ಅಣ್ಣ
ಸುಳ್ಳಲ್ಲ. ಇಲಿಗೆ ಸ್ಟ್ರೆಪ್ಟೋಜೋಟೋಸಿನ್ ಚುಚ್ಚಿ ಶುಗರ್ ಬರಿಸ್ತಾರೆ. ಎಷ್ಟೋ ಪ್ರಯೋಗಗಳಲ್ಲಿ ಆಂಟಿಆಕ್ಸಿಡೆಂಟ್ ಅದರ ಆಸುಪಾಸಲ್ಲೇ ಶುರುವಾಗುತ್ತೆ, ಕೆಲವು ವಾರದಲ್ಲಿ ಇಲಿಯ ಹೃದಯ ತೆಗೆದು ನೋಡ್ತಾರೆ. ಈ ಅಪ್ಪನಿಗೆ ಹದಿನೈದು ವರ್ಷದ ಮೇಲೆ ಡಬ್ಬಿ ಬಂದಿದೆ. ಹೃದಯದ ಕೋಶದಲ್ಲೇ ಕ್ಯಾಟಲೇಸ್ ಅನ್ನೋ ರಕ್ಷಣಾ ಕಿಣ್ವ ಹೆಚ್ಚು ತಯಾರಾಗೋ ಹಾಗೆ ಜೀನ್ ಬದಲಿಸಿದ ಇಲಿಗಳಲ್ಲಂತೂ ಒಳ್ಳೇ ರಕ್ಷಣೆ ಕಂಡಿದೆ. ಆದ್ರೆ ಅದಕ್ಕೂ ಕ್ಯಾಪ್ಸೂಲ್ ನುಂಗೋದಕ್ಕೂ ಏನು ಸಂಬಂಧ?

ಮನುಷ್ಯರ ಲೆಕ್ಕಕ್ಕೆ ಬರೋಣ. 2002ರಲ್ಲಿ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ ಬಂತು. 20,536 ಜನ, ಅದರಲ್ಲಿ ಶುಗರ್ ಇದ್ದವರೇ 5,963. ಅರ್ಧ ಜನಕ್ಕೆ ದಿನಾ 600 ಮಿಲಿಗ್ರಾಂ ವಿಟಮಿನ್ ಇ, 250 ಮಿಲಿಗ್ರಾಂ ವಿಟಮಿನ್ ಸಿ, 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ನಲ್ಲಿರೋ ಅಂಶ), ಐದು ವರ್ಷ. ಇನ್ನರ್ಧಕ್ಕೆ ಡಮ್ಮಿ ಮಾತ್ರೆ. ರಕ್ತದಲ್ಲಿ ವಿಟಮಿನ್ ಮಟ್ಟ ಏರಿತ್ತು, ಅಂದ್ರೆ ನುಂಗಿದ್ದು ಮೈಗೆ ಹತ್ತಿತ್ತು. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಸಾವು ಯಾವುದೂ ಕಡಿಮೆ ಆಗ್ಲಿಲ್ಲ.

ಅದೇ ಸ್ಟಡಿಯಲ್ಲಿ, ಅದೇ ಜನರಲ್ಲಿ ಇನ್ನೊಂದು ಮಾತ್ರೇನೂ ಪರೀಕ್ಷೆ ಮಾಡಿದ್ರು. ಕೊಲೆಸ್ಟ್ರಾಲ್ ಇಳಿಸೋ ಸಿಮ್ವಾಸ್ಟಾಟಿನ್ 40 ಮಿಲಿಗ್ರಾಂ. ಅದ್ರಿಂದ ಹೃದಯ, ರಕ್ತನಾಳದ ದೊಡ್ಡ ಅನಾಹುತಗಳು ಸುಮಾರು ಕಾಲು ಭಾಗ ಕಡಿಮೆಯಾದವು. ಅಂದ್ರೆ ನಿಮ್ಮಪ್ಪ ಬಿಟ್ಟಿರೋ ಜಾತಿಯ ಮಾತ್ರೆ ಗೆದ್ದಿದೆ, ಹಿಡ್ಕೊಂಡಿರೋ ಜಾತಿಯದು ಸೋತಿದೆ. ಒಂದೇ ಪರೀಕ್ಷೆಯಲ್ಲಿ. ಜಗಳಕ್ಕೆ ಇದಕ್ಕಿಂತ ಬೇರೆ ಬೇಕಾ?

ಬೆಣ್ಣೆದೋಸೆ_ದಾವಣಗೆರೆ
ಅಯ್ಯೋ ದೇವರೇ. ಇದನ್ನ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸ್ತೀನಿ.

ನೆಲ್ಲಿಕಾಯಿ_ಪ್ರಿಯ
ಆಯ್ತಪ್ಪ, ಕೆಲಸ ಮಾಡಲ್ಲ ಅಂತಾನೇ ಇಟ್ಕೊಳ್ಳೋಣ. ಕೆಟ್ಟದ್ದಂತೂ ಮಾಡಲ್ವಲ್ಲ? ವಿಟಮಿನ್ ತಾನೇ. ಹಿರಿಯರಿಗೆ ಸಮಾಧಾನ ಆಗುತ್ತೆ ಅಂದ್ರೆ ತಗೊಳ್ಳಲಿ ಬಿಡಿ.

ಡಾಕ್ಟ್ರು_ಆದ್ರೆ_ನಿಮ್ಮ_ಡಾಕ್ಟ್ರಲ್ಲ
@ನೆಲ್ಲಿಕಾಯಿ_ಪ್ರಿಯ ಈ ಮಾತನ್ನ ನಾನು ಓಪಿಡಿಯಲ್ಲಿ ದಿನಾ ಕೇಳ್ತೀನಿ. ಹೋಪ್ ಅನ್ನೋ ಪರೀಕ್ಷೆಯಲ್ಲಿ ಶುಗರ್ ಇದ್ದವರು 3,654 ಜನ ಇದ್ರು. ದಿನಾ 400 ಯೂನಿಟ್ ವಿಟಮಿನ್ ಇ, ಈ ಡಬ್ಬಿಯಲ್ಲಿರೋದೂ ಅಷ್ಟೇ. ನಾಲ್ಕೂವರೆ ವರ್ಷ ಕೊಟ್ರೂ ಹೃದಯಕ್ಕೂ ಲಾಭ ಇಲ್ಲ, ಕಿಡ್ನಿಗೂ ಇಲ್ಲ. ಆಮೇಲೆ ಇಡೀ ಹೋಪ್ ಗುಂಪಿನಲ್ಲಿ ಪರೀಕ್ಷೆ ಮುಂದುವರಿಸಿ ಏಳು ವರ್ಷದ ಲೆಕ್ಕವನ್ನ 2005ರಲ್ಲಿ ಪ್ರಕಟಿಸಿದ್ರು. ವಿಟಮಿನ್ ಇ ತಗೊಂಡವರಲ್ಲಿ ಹಾರ್ಟ್ ಫೇಲ್ಯೂರ್ (ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡೋಕೆ ಹೃದಯಕ್ಕೆ ಆಗದೆ ಇರೋದು) 13% ಹೆಚ್ಚು. ಹೃದಯ ಬಿಗಿಯಾಗ್ತಿದೆ ಅನ್ನೋ ಅನುಮಾನ ಇರೋ ಮನುಷ್ಯನಿಗೆ "ಕೊಟ್ರೆ ಏನಾಯ್ತು" ಅನ್ನೋಕೆ ನನಗಂತೂ ಧೈರ್ಯ ಬರಲ್ಲ.

ಸೆಲೆನಿಯಂ ಇನ್ನೊಂದು ತಮಾಷೆ. ಅಮೆರಿಕದ ಒಂದು ಪರೀಕ್ಷೆಯಲ್ಲಿ ದಿನಾ 200 ಮೈಕ್ರೋಗ್ರಾಂ ತಗೊಂಡವರಿಗೆ ಟೈಪ್ 2 ಶುಗರ್ ಬರೋದೇ ಹೆಚ್ಚಾಯ್ತು. ಶುಗರ್‌ನವರ ಡಬ್ಬಿಯಲ್ಲಿ ಅದನ್ನ ಯಾಕೆ ಹಾಕ್ತಾರೋ!

ಆಲ್ಫಾ ಲಿಪೋಯಿಕ್ ಆಸಿಡ್ ಕಾಲುರಿಗೆ ಸ್ವಲ್ಪ ಉಪಯೋಗಕ್ಕೆ ಬರುತ್ತೆ, 600 ಮಿಲಿಗ್ರಾಂನಲ್ಲಿ ಪರೀಕ್ಷೆ ಆಗಿದೆ. ಹೃದಯಕ್ಕಲ್ಲ. ಅಪರೂಪಕ್ಕೆ ಕೆಲವರಲ್ಲಿ ಇದರಿಂದ ಇನ್ಸುಲಿನ್ ವಿರುದ್ಧವೇ ಪ್ರತಿಕಾಯ ಹುಟ್ಟಿ ಶುಗರ್ ಧಡಾರನೆ ಇಳಿದದ್ದೂ ಇದೆ. ಜಪಾನಿನಲ್ಲಿ ಇಂಥ ಕೇಸು ಹೆಚ್ಚು ವರದಿಯಾಗಿವೆ.

ಮಾತ್ರೆ_ಅಂಗಡಿ
ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ನಂದು. ಒಂದು ವಿಷಯ ಯಾರೂ ನೋಡಲ್ಲ. ಡಬ್ಬಿ ತಿರುಗಿಸಿ. ಹಸಿರು ಚುಕ್ಕೆ ಪಕ್ಕ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರು, ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ "ಔಷಧೀಯ ಬಳಕೆಗಲ್ಲ" ಅಂತ ಇಂಗ್ಲಿಷಿನಲ್ಲಿ ಇರುತ್ತೆ. ಕಾನೂನು ಪ್ರಕಾರ ಹಾಕಲೇಬೇಕು. ಅಂದ್ರೆ ಅದು ಆಹಾರದ ಲೆಕ್ಕ, ಔಷಧಿ ಲೆಕ್ಕ ಅಲ್ಲ. ಮುಂದಿನ ಬದಿಯಲ್ಲಿ ಕೆಂಪು ಹೃದಯದ ಚಿತ್ರ. ನಾನೂ ಮಾರ್ತೀನಿ, ಕೇಳಿ ಬಂದವರಿಗೆ ಇಲ್ಲ ಅನ್ನೋಕಾಗಲ್ಲ, ಮಾರ್ಜಿನ್ನೂ ಚೆನ್ನಾಗಿದೆ. ನಮ್ಮಮ್ಮನಿಗೆ ಕೊಡಲ್ಲ.

ಹಳೇಮೈಸೂರು
ಕೊನೇ ಸಾಲು 👏

ಸ್ವಾಸ್ಥ್ಯ_ಮಿತ್ರ
ಎಲ್ಲರೂ ಸೇರಿ ಒಬ್ಬನ ಮೇಲೆ ಬೀಳ್ತಿದ್ದೀರಿ. ಕೋಎನ್‌ಜೈಮ್ ಕ್ಯೂ10 ಬಗ್ಗೆ ಯಾಕೆ ಬಾಯಿ ಬಿಡ್ತಿಲ್ಲ? ಹಾರ್ಟ್ ಫೇಲ್ಯೂರ್‌ಗೆ ಕೆಲಸ ಮಾಡಿದೆ ಅಂತ 2014ರ ಕ್ಯೂ-ಸಿಂಬಿಯೋ ಪರೀಕ್ಷೆ ಇದೆ. ನಾನೂ ಓದಿದ್ದೀನಿ.

ಅಂಕಿಅಂಶ_ಅಣ್ಣ
ಒಳ್ಳೇ ಪ್ರಶ್ನೆ, ವ್ಯಂಗ್ಯ ಅಲ್ಲ. ಆ ಪರೀಕ್ಷೆ ನಿಜ. 420 ಜನ, ದಿನಕ್ಕೆ ಮೂರು ಸಲ 100 ಮಿಲಿಗ್ರಾಂ, ಎರಡು ವರ್ಷ. ದೊಡ್ಡ ಅನಾಹುತ ಆದದ್ದು 15% ಜನಕ್ಕೆ, ಡಮ್ಮಿ ಗುಂಪಿನಲ್ಲಿ 26%. ಚೆನ್ನಾಗೇ ಇದೆ. ಆದ್ರೆ ಅವರೆಲ್ಲ ಮೊದಲೇ ಹಾರ್ಟ್ ಫೇಲ್ಯೂರ್ ಇದ್ದವರು, ಅದೂ ಸಾಕಷ್ಟು ಮುಂದುವರಿದದ್ದು, ಉಳಿದ ಔಷಧಿಗಳ ಜೊತೆಗೇ ಇದನ್ನ ತಗೊಂಡವರು. ಶುಗರ್‌ನವರ ಬಿಗಿ ಹೃದಯದ ಪರೀಕ್ಷೆ ಅಲ್ಲ ಅದು. 420 ಜನ ಸಣ್ಣ ಸಂಖ್ಯೆ ಬೇರೆ. ಈ ಡಬ್ಬಿಯಲ್ಲಿ ಕ್ಯೂ10 ಎಷ್ಟಿದೆ ಮೇಡಂ?

ಬೆಣ್ಣೆದೋಸೆ_ದಾವಣಗೆರೆ
ನೋಡಿದೆ. 10 ಮಿಲಿಗ್ರಾಂ.

ಅಂಕಿಅಂಶ_ಅಣ್ಣ
ಪರೀಕ್ಷೆಯಲ್ಲಿ ದಿನಕ್ಕೆ 300. ಲೆಕ್ಕ ನೀವೇ ಹಾಕಿ.

ಬೆಂಗಳೂರು_ಲ್ಯಾಬ್
ಎಲ್ಲರೂ ಮರೆತಿರೋ ಒಂದು ಎಳೆ ಇದೆ. ಹ್ಯಾಪ್ಟೋಗ್ಲೋಬಿನ್. ರಕ್ತದಲ್ಲಿ ಒಡೆದು ಹೊರಬಿದ್ದ ಹಿಮೋಗ್ಲೋಬಿನ್ ಹಿಡಿಯೋ ಪ್ರೋಟೀನು. ಇದರ ಜೀನಿನಲ್ಲಿ 1-1, 2-1, 2-2 ಅಂತ ಮೂರು ಬಗೆಯ ಜನ ಇರ್ತಾರೆ. 2-2 ಇರೋರಲ್ಲಿ ಈ ಪ್ರೋಟೀನ್ ಕಬ್ಬಿಣದಿಂದಾಗೋ ಆಕ್ಸಿಡೇಶನ್ ತಡೆಯೋದ್ರಲ್ಲಿ ಮಂದ. ಇಸ್ರೇಲಿನಲ್ಲಿ ಶುಗರ್ ಜೊತೆಗೆ 2-2 ಇರೋ 1,434 ಜನರಿಗೆ ಮಾತ್ರ ವಿಟಮಿನ್ ಇ 400 ಯೂನಿಟ್ ಅಥವಾ ಡಮ್ಮಿ ಕೊಟ್ಟು ನೋಡಿದ್ರು. 2008ರಲ್ಲಿ ಪ್ರಕಟವಾಯ್ತು. ಹೃದಯದ ತೊಂದರೆ 4.7%ನಿಂದ 2.2%ಗೆ ಇಳೀತು. ಭಾರತದಲ್ಲಿ ಈ '2' ಬಗೆಯ ಜೀನು ಜಗತ್ತಿನ ಬಹಳ ಕಡೆಗಿಂತ ಹೆಚ್ಚು. ಹಾಗಾಗಿ "ವಿಟಮಿನ್ ಇ ಯಾರಿಗೂ ಬೇಡ" ಅಂತ ಬಾಗಿಲು ಹಾಕೋದು ನನಗೆ ಒಪ್ಪಿಗೆ ಇಲ್ಲ.

ಡಾಕ್ಟ್ರು_ಆದ್ರೆ_ನಿಮ್ಮ_ಡಾಕ್ಟ್ರಲ್ಲ
ಒಳ್ಳೇ ಅಂಶ. ಆದ್ರೆ ಆ ಪರೀಕ್ಷೆಯನ್ನ ಒಂದೂವರೆ ವರ್ಷಕ್ಕೇ ನಿಲ್ಲಿಸಿದ್ರು. ಬೇಗ ನಿಲ್ಲಿಸಿದ ಪರೀಕ್ಷೆಯಲ್ಲಿ ಲಾಭ ಇರೋದಕ್ಕಿಂತ ದೊಡ್ಡದಾಗಿ ಕಾಣೋ ಅಪಾಯ ಇರುತ್ತೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಮಾರ್ಗಸೂಚಿಯಲ್ಲಿ ವಿಟಮಿನ್ ಇ, ಸಿ, ಕ್ಯಾರೋಟಿನ್ ವಾಡಿಕೆಯಾಗಿ ಕೊಡಬೇಡಿ ಅಂತಾನೇ ಇದೆ. ಜೀನ್ ನೋಡಿ ಕೊಡೋದು ಒಂದು ಮಾತು, ಚಿಕ್ಕಪ್ಪನ ಮುಖ ನೋಡಿ ಕೊಡೋದು ಇನ್ನೊಂದು.

ಬೆಂಗಳೂರು_ಲ್ಯಾಬ್
ಜೀನ್ ನೋಡಿ ಕೊಡಿ ಅಂತಾನೇ ನಾನೂ ಹೇಳಿದ್ದು. ಇಲ್ಲಿ ಯಾರು ಆ ಟೆಸ್ಟ್ ಮಾಡ್ತಾರೆ ಅನ್ನೋದೇ ನನ್ನ ಸಿಟ್ಟು.

ಧಾರವಾಡ_ಮಾಸ್ತರ
ಇಬ್ಬರದ್ದೂ ಸರಿ ಅದ. ನಾ ಮತ್ತೊಂದು ಹೇಳತೀನಿ. ಫ್ರೀ ರಾಡಿಕಲ್ ಅಂದ್ರ ಬರೇ ವೈರಿ ಅಲ್ಲ. 2009ರಾಗ ಜರ್ಮನಿಯವರು ಒಂದು ಪ್ರಯೋಗ ಮಾಡಿದ್ರು. ಹರೇದ ಹುಡುಗರಿಗೆ ನಾಕು ವಾರ ವ್ಯಾಯಾಮ ಮಾಡಿಸಿದ್ರು, ಅರ್ಧ ಮಂದಿಗೆ ದಿನಾ ವಿಟಮಿನ್ ಸಿ 1,000 ಮಿಲಿಗ್ರಾಂ, ಇ 400 ಯೂನಿಟ್ ಕೊಟ್ರು. ಮಾತ್ರಿ ತಗೊಳ್ಳದವರಾಗ ಇನ್ಸುಲಿನ್ ಛಲೋ ಕೆಲಸ ಮಾಡಾಕ ಹತ್ತಿತು. ಮಾತ್ರಿ ತಗೊಂಡವರಾಗ ಆ ಲಾಭನ ಕಾಣಲಿಲ್ಲ! ವ್ಯಾಯಾಮ ಮಾಡಿದಾಗ ಹುಟ್ಟೋ ಅಷ್ಟಿಷ್ಟು ರಾಡಿಕಲ್‌ಗಳ ಸುದ್ದಿ ಕೇಳೇ ದೇಹ ತನ್ನ ಸ್ವಂತ ರಕ್ಷಣಾ ಕಿಣ್ವ ತಯಾರಿಸತದ. ಮಾತ್ರಿ ಆ ಸುದ್ದಿ ಮುಟ್ಟಾಕ ಬಿಡಲಿಲ್ಲ.

ಮುಂಜಾನೆ ವಾಕಿಂಗ್ ಹೋಗಿ ಬಂದು ಈ ಡಬ್ಬಿ ತಗೊಳ್ಳಾವರು ಎಷ್ಟು ಮಂದಿ ಅದಾರೋ ನಮ್ಮ ಓಣ್ಯಾಗ.

ಡಾಕ್ಟ್ರು_ಆದ್ರೆ_ನಿಮ್ಮ_ಡಾಕ್ಟ್ರಲ್ಲ
ಆ ಸ್ವಂತ ರಕ್ಷಣೆಯನ್ನ ಔಷಧಿ ಹಾಕಿ ಎಬ್ಬಿಸೋಕೂ ನೋಡಿದ್ರು ಮಾಸ್ತರ್. ಬಾರ್ಡಾಕ್ಸೊಲೋನ್. ಟೈಪ್ 2 ಶುಗರ್ ಜೊತೆ ಕಿಡ್ನಿ ತೀರಾ ಹಾಳಾದ 2,185 ಜನರಲ್ಲಿ ಪರೀಕ್ಷೆ. 2012ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯ್ತು. ಯಾಕೆ ಗೊತ್ತಾ? ಔಷಧಿ ತಗೊಂಡವರಲ್ಲಿ ಹಾರ್ಟ್ ಫೇಲ್ಯೂರ್ ಹೆಚ್ಚಾಗಿತ್ತು.

ಮಲೆನಾಡ_ಮಳೆ
ಹಾಗಾದ್ರೆ ಏನೂ ಮಾಡೋಕೆ ಆಗಲ್ವಾ? ಬರೀ ಬೇಡ ಬೇಡ ಅಂತಿದ್ದೀರಲ್ಲ ಎಲ್ಲರೂ.

ಕರಾವಳಿ_ಸಿಸ್ಟರ್
ಮಾರಾಯ್ರೇ, ಉಂಟಲ್ಲ! ನಾನು ಮಸ್ಕತ್ತಿನಲ್ಲಿ ಕಾರ್ಡಿಯಾಕ್ ವಾರ್ಡಿನಲ್ಲಿ ನರ್ಸ್. ಶುಗರ್ ಮತ್ತು ಹಾರ್ಟ್ ಫೇಲ್ಯೂರ್ ಎರಡೂ ಇರುವವರ ಚಾರ್ಟಿನಲ್ಲಿ ಈಗ ಎಂಪಾಗ್ಲಿಫ್ಲೋಜಿನ್ ಅಥವಾ ಡಾಪಾಗ್ಲಿಫ್ಲೋಜಿನ್ ಇಲ್ಲದಿದ್ದರೆ ಡಾಕ್ಟ್ರೇ "ಯಾಕೆ ಇಲ್ಲ" ಅಂತ ಕೇಳುವುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ ಅದು. ಆದರೆ ಎಲ್ಲರಿಗೂ ಆಗುವುದಿಲ್ಲ, ಡಾಕ್ಟ್ರೇ ನೋಡಿ ಕೊಡಬೇಕು. ಗುಪ್ತಾಂಗದಲ್ಲಿ ಫಂಗಸ್ ಬರುತ್ತದೆ, ನಾಚಿಕೆಯಿಂದ ಹೇಳುವುದೇ ಇಲ್ಲ ನಮ್ಮವರು. ವಾಂತಿ ಭೇದಿ ಆದಾಗ, ಆಪರೇಷನ್ನಿಗೆ ಮೊದಲು, ಊಟ ಬಿಟ್ಟು ಉಪವಾಸ ಮಾಡುವಾಗ ನಿಲ್ಲಿಸುವುದರ ಬಗ್ಗೆ ಡಾಕ್ಟ್ರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚಾಗಿ ಜೀವಕ್ಕೇ ಅಪಾಯ) ಆಗುವ ಚಾನ್ಸ್ ಉಂಟು.

ಡಾಕ್ಟ್ರು_ಆದ್ರೆ_ನಿಮ್ಮ_ಡಾಕ್ಟ್ರಲ್ಲ
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. 2015ರ ಎಂಪಾ-ರೆಗ್ ಪರೀಕ್ಷೆಯಲ್ಲಿ ಶುಗರ್ ಜೊತೆ ಹೃದ್ರೋಗವೂ ಇದ್ದ 7,020 ಜನರಿದ್ರು. ಹೃದಯದ ಕಾರಣದ ಸಾವು 38%, ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರೋದು 35% ಕಡಿಮೆ ಆಯ್ತು. 2021ರಲ್ಲಿ ಇಎಫ್ 40ಕ್ಕಿಂತ ಹೆಚ್ಚಿರೋ ಹಾರ್ಟ್ ಫೇಲ್ಯೂರ್‌ನಲ್ಲೂ ಲಾಭ ತೋರಿಸಿದ್ರು. 2025ರ ಮಾರ್ಚಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ನಮ್ಮಲ್ಲಿ ಮುಗೀತು, ಜೆನೆರಿಕ್ ಬಂದು ಬೆಲೆ ಬಿದ್ದುಹೋಗಿದೆ. ಚಿಕ್ಕಪ್ಪನ ಡಬ್ಬಿಗಿಂತ ಎಷ್ಟೋ ಅಗ್ಗ.

ಆದ್ರೆ @ಬೆಣ್ಣೆದೋಸೆ, ಒಂದು ಎಚ್ಚರಿಕೆ. ಗ್ರೇಡ್ 1 ಅನ್ನೋದು 60 ದಾಟಿದವರ ಎಕೋದಲ್ಲಿ ತುಂಬಾ ಸಾಮಾನ್ಯ. ಅದೇ ಹಾರ್ಟ್ ಫೇಲ್ಯೂರ್ ಅಲ್ಲ. ಉಸಿರು ಸಾಲಲ್ಲ ಅಂತಿದ್ದಾರಲ್ಲ, ಹಾರ್ಟ್ ಫೇಲ್ಯೂರ್ ಸುಳಿವು ಕೊಡೋ ಎನ್‌ಟಿ-ಪ್ರೋಬಿಎನ್‌ಪಿ ರಕ್ತಪರೀಕ್ಷೆ ಬೇಕಾ ಅಂತ ನಿಮ್ಮ ಡಾಕ್ಟ್ರನ್ನ ಕೇಳಿ. ಹಿಮೋಗ್ಲೋಬಿನ್, ಥೈರಾಯ್ಡ್, ಶ್ವಾಸಕೋಶ ನೋಡಿದ್ದಾರಾ? ಬಿಪಿ ಎಷ್ಟಿದೆ? ಹೃದಯ ಬಿಗಿಯಾಗೋಕೆ ಬಿಪಿಯೂ ಅಷ್ಟೇ ಕಾರಣ.

ಬೆಣ್ಣೆದೋಸೆ_ದಾವಣಗೆರೆ
ಬಿಪಿ 150/90 ಆಸುಪಾಸು. ಬೆಳಗಿನ ಮಾತ್ರೆ ಇದೆ, ನೆನಪಾದಾಗ ತಗೋತಾರೆ. ಹಿಮೋಗ್ಲೋಬಿನ್ ನೋಡಿಸಿಲ್ಲ.

ಡಾಕ್ಟ್ರು_ಆದ್ರೆ_ನಿಮ್ಮ_ಡಾಕ್ಟ್ರಲ್ಲ
"ನೆನಪಾದಾಗ"!! ಅಲ್ಲಿಂದ ಶುರು ಮಾಡಿ ತಾಯಿ. ಈ ವಾರವೇ ಡಾಕ್ಟ್ರ ಹತ್ರ ಹೋಗಿ. ಡಬ್ಬೀನೂ ತಗೊಂಡು ಹೋಗಿ, ಮುಚ್ಚಿಡಬೇಡಿ.

ನೆಲ್ಲಿಕಾಯಿ_ಪ್ರಿಯ
ನಾನು ಮಾತ್ರೆ ಕಡೆಯವನಲ್ಲ. ಆದ್ರೆ ನೆಲ್ಲಿಕಾಯಿ, ನೇರಳೆ, ನುಗ್ಗೆಸೊಪ್ಪು ಇದರಲ್ಲೂ ಆಂಟಿಆಕ್ಸಿಡೆಂಟ್ ಇದೆಯಲ್ಲ. ಅದೂ ಬೇಡವಾ ಹಾಗಾದ್ರೆ?

ಹಳೇಮೈಸೂರು
ತಿನ್ನೋಕೆ ಯಾರು ಬೇಡ ಅಂದ್ರು? ನೆಲ್ಲಿಕಾಯಿನ ಸಕ್ಕರೆ ಪಾಕಕ್ಕೆ ಹಾಕಿ ಮುರಬ್ಬ ಮಾಡಿ "ಶುಗರ್‌ಗೆ ಒಳ್ಳೇದು" ಅಂತ ತಿನ್ನಬೇಡಿ ಅಷ್ಟೇ. ನಮ್ಮ ಭಾವ ಮಾಡ್ತಿದ್ದದ್ದು ಅದನ್ನೇ.

ಧಾರವಾಡ_ಮಾಸ್ತರ
ತರಕಾರಿ ತಿಂದವರ ಹೃದಯ ಛಲೋ ಇರತದ ಅಂತ ಕಂಡೇ ವಿಟಮಿನ್ ಮಾತ್ರಿ ವಿಚಾರ ಹುಟ್ಟಿದ್ದು. ಸೊಪ್ಪಿನಾಗ ನಾರು ಅದ, ಪೊಟ್ಯಾಸಿಯಂ ಅದ, ಸೊಪ್ಪು ತಿಂದಷ್ಟು ಅನ್ನ ಕಡಿಮಿ ಆಗತದ. ಅದರಾಗಿಂದ ಒಂದ ಒಂದು ಅಣು ಕಿತ್ತು ಡಬ್ಬಿಗೆ ಹಾಕಿದ್ರು. ಫಿನ್‌ಲ್ಯಾಂಡಿನಾಗ 29,133 ಮಂದಿ ಸಿಗರೇಟ್ ಸೇದೋ ಗಂಡಸರ ಮ್ಯಾಲೆ ಪರೀಕ್ಷಾ ಮಾಡಿದ್ರು. 1994ರಾಗ ಫಲಿತಾಂಶ ಬಂತು: ಬೀಟಾ ಕ್ಯಾರೋಟಿನ್ ತಗೊಂಡವರಾಗ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚು. ಗಜ್ಜರಿ ತಿಂದು ಯಾರಿಗೂ ಹಂಗ ಆಗಿಲ್ಲ.

ಮಲೆನಾಡ_ಮಳೆ
ಹಾಗಲಕಾಯಿ ಜ್ಯೂಸ್ ಬಗ್ಗೆ ಏನಂತೀರಿ? ನಮ್ಮತ್ತೆ ದಿನಾ ಬೆಳಿಗ್ಗೆ ಒಂದು ಲೋಟ ಕುಡೀತಾರೆ.

ಹಳೇಮೈಸೂರು
ಅಯ್ಯೋ ಶುರುವಾಯ್ತು. ಮುಂದೆ ರಾಗಿಮುದ್ದೆ ಬರುತ್ತೆ ನೋಡಿ.

ಮಂಡ್ಯದ_ಗೌಡ
ರಾಗಿಮುದ್ದೆಗೆ ಏನಾಗಿದೆ ಈಗ?

ಹಳೇಮೈಸೂರು
ಹೇಳಿದ್ನಲ್ಲ 😂 ಏನೂ ಆಗಿಲ್ಲ ಗೌಡ್ರೇ. ಮುದ್ದೆ ಗಾತ್ರಕ್ಕೆ ಆಗಿರೋದು. ಶುಗರ್ ಇರೋರು ಮುದ್ದೆ ಎಷ್ಟಾದ್ರೂ ತಿನ್ನಬಹುದು ಅಂದ್ಕೊಂಡು ತೆಂಗಿನಕಾಯಿ ಗಾತ್ರದ್ದು ಎರಡು ನುಂಗಿದ್ರೆ ಅದೂ ಪಿಷ್ಟಾನೇ.

ಮಂಡ್ಯದ_ಗೌಡ
ಗದ್ದೆ ಕೆಲಸ ಮಾಡೋರು ಎರಡು ತಿಂದೇ ತಿಂತಾರೆ. ನಿಮ್ಮ ಹಂಗೆ ಫ್ಯಾನ್ ಕೆಳಗೆ ಕೂತಿರಲ್ಲ.

ಕೂದಲು_ಚಿಂತೆ
ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ. ನಾನೂ ಶುಗರ್ ಪೇಷಂಟ್. ಕೂದಲು ಉದುರುತ್ತೆ ಅಂತ ಬಯೋಟಿನ್ 10 ಮಿಲಿಗ್ರಾಂ ತಗೋತಿದ್ದೀನಿ. ಜೊತೆಗೆ ವಿಟಮಿನ್ ಸಿ. ಇದೂ ಹಾರ್ಟಿಗೆ ತೊಂದರೆನಾ?

ಕರಾವಳಿ_ಸಿಸ್ಟರ್
ಹಾರ್ಟಿಗೆ ಅಲ್ಲ, ಹಾರ್ಟಿನ ಟೆಸ್ಟಿಗೆ ತೊಂದರೆ! ಎದೆ ನೋವು ಅಂತ ಬಂದವರಿಗೆ ಟ್ರೋಪೋನಿನ್ ಅಂತ ರಕ್ತಪರೀಕ್ಷೆ ಮಾಡುತ್ತೇವೆ. ಬಯೋಟಿನ್ ಜಾಸ್ತಿ ತಗೊಂಡಿದ್ದರೆ ಕೆಲವು ಮೆಷಿನಿನಲ್ಲಿ ಟ್ರೋಪೋನಿನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಟ್ಯಾಕ್ ಆಗಿದ್ದರೂ ಇಲ್ಲ ಅಂತ ಬರಬಹುದು. ಅಮೆರಿಕದ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟದ್ದು. ಶುಗರ್ ಇರುವವರಿಗೆ ನರ ಸತ್ತು ಎದೆ ನೋವೇ ಗೊತ್ತಾಗದೆ ಇರುವುದೂ ಉಂಟು, ಬರೀ ಬೆವರು, ಸುಸ್ತು, ಹೊಟ್ಟೆ ತೊಳೆಸುವುದು ಅಷ್ಟೇ. ಅಂಥವರಿಗೆ ಟೆಸ್ಟೇ ದಿಕ್ಕು. ಕ್ಯಾಶುವಾಲ್ಟಿಯಲ್ಲಿ "ಏನು ಮಾತ್ರೆ ತಗೊಳ್ತೀರಿ" ಅಂತ ಕೇಳಿದರೆ ಬಿಪಿ ಮಾತ್ರೆ ಮಾತ್ರ ಹೇಳುತ್ತಾರೆ ಎಲ್ಲರೂ, ಕೂದಲಿನ ಮಾತ್ರೆ ಮಾತ್ರೆಯೇ ಅಲ್ಲ ಅಂತ ಲೆಕ್ಕ.

ಬೆಂಗಳೂರು_ಲ್ಯಾಬ್
ಹೌದು. ಥೈರಾಯ್ಡ್ ರಿಪೋರ್ಟೂ ಏರುಪೇರಾಗುತ್ತೆ. ವಿಟಮಿನ್ ಸಿ ತುಂಬಾ ಹೆಚ್ಚಿನ ಡೋಸಲ್ಲಿದ್ರೆ ಕೆಲವು ಗ್ಲುಕೋಮೀಟರ್ ಶುಗರನ್ನ ಇರೋದಕ್ಕಿಂತ ಹೆಚ್ಚು ತೋರಿಸುತ್ತೆ. ಅದನ್ನ ನಂಬಿ ಇನ್ಸುಲಿನ್ ಹೆಚ್ಚು ಚುಚ್ಕೊಂಡ್ರೆ ಕತೆ ಕೆಟ್ಟಿತು.

ಕೂದಲು_ಚಿಂತೆ
ಇದನ್ನ ಯಾರೂ ಹೇಳಿರಲಿಲ್ಲ. ಟೆಸ್ಟಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು?

ಬೆಂಗಳೂರು_ಲ್ಯಾಬ್
10 ಮಿಲಿಗ್ರಾಂ ಅಂದ್ರೆ ಎರಡು ಮೂರು ದಿನ ಸಾಮಾನ್ಯವಾಗಿ ಸಾಕು, ಕಿಡ್ನಿ ಸರಿ ಇಲ್ಲದಿದ್ರೆ ಹೆಚ್ಚು ಬೇಕು. ನಿಮ್ಮ ಲ್ಯಾಬಿನವರಿಗೆ ಹೇಳಿ, ಅವರ ಮೆಷಿನ್ ಯಾವುದು ಅಂತ ಅವರಿಗೇ ಗೊತ್ತಿರುತ್ತೆ. ಎದೆ ನೋವು ಬಂದ್ರೆ ಮಾತ್ರ ದಿನ ಎಣಿಸಬೇಡಿ, ಓಡಿ ಹೋಗಿ, ಬಯೋಟಿನ್ ತಗೊಂಡಿದ್ದೀನಿ ಅಂತ ಹೇಳಿ.

ಸ್ವಾಸ್ಥ್ಯ_ಮಿತ್ರ
ನನ್ನ ಗ್ರಾಹಕರ ಸುಸ್ತು ಹೋಗಿದ್ದು ಹೇಗೆ ಅಂತ ಇನ್ನೂ ಯಾರೂ ಹೇಳಿಲ್ಲ.

ಮಾತ್ರೆ_ಅಂಗಡಿ
ನಿಮ್ಮ ಡಬ್ಬಿಯಲ್ಲಿ ಬಿ12 ಇದೆಯಾ ನೋಡಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಬಿ12 ಕಡಿಮೆಯಾಗುತ್ತೆ, ಸಸ್ಯಾಹಾರಿಗಳಾದ್ರೆ ಕೇಳೋದೇ ಬೇಡ. ಅದನ್ನ ತುಂಬಿಕೊಟ್ರೆ ಸುಸ್ತು ಹೋಗಬಹುದು. ಅಷ್ಟಕ್ಕೆ 2,400 ಬೇಡ. ರಕ್ತಪರೀಕ್ಷೆ ಮಾಡಿಸಿ ಬರೀ ಬಿ12 ತಗೊಂಡ್ರೆ ಆಯ್ತು.

ಸ್ವಾಸ್ಥ್ಯ_ಮಿತ್ರ
ಇದೆ, 1,500 ಮೈಕ್ರೋಗ್ರಾಂ.

ಮಾತ್ರೆ_ಅಂಗಡಿ
ಸಿಕ್ತಲ್ಲ ಉತ್ತರ.

ಮಲೆನಾಡ_ಮಳೆ
ನನ್ನ ಹಾಗಲಕಾಯಿ ಜ್ಯೂಸಿಗೆ ಯಾರೂ ಉತ್ತರ ಕೊಡಲಿಲ್ಲ.

ಡಾಕ್ಟ್ರು_ಆದ್ರೆ_ನಿಮ್ಮ_ಡಾಕ್ಟ್ರಲ್ಲ
ಶುಗರ್ ಮಾತ್ರೆ, ಇನ್ಸುಲಿನ್ ಜೊತೆ ಸೇರಿದ್ರೆ ಕೆಲವರಿಗೆ ಲೋ ಶುಗರ್ ಆಗಬಹುದು. ಅತ್ತೆಗೆ ಬೆಳಿಗ್ಗೆ ಕೈ ನಡುಕ, ಬೆವರು ಬಂದ್ರೆ ಮೀಟರಲ್ಲಿ ಚೆಕ್ ಮಾಡಿ. ಪಲ್ಯ ಮಾಡಿ ತಿಂದ್ರೆ ಯಾವ ತಕರಾರೂ ಇಲ್ಲ.

ಮಲೆನಾಡ_ಮಳೆ
ಪಲ್ಯಕ್ಕೆ ಅತ್ತೆ ಒಂದು ಅಚ್ಚು ಬೆಲ್ಲ ಹಾಕ್ತಾರೆ ಡಾಕ್ಟ್ರೇ.